ದೂರದ ಚಿತ್ರಕ್ಕೆ ಸ್ಥಿರವಾದ ಆಧಾರ: ಟೆಲಿಫೋಟೊ ಲೆನ್ಸ್ ಮತ್ತು ಟ್ರೈಪಾಡ್

ಪುಣೆ ಜಿಲ್ಲೆಯ ಬಾರಾಮತಿ ತಾಲ್ಲೂಕು ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಪ್ರದೇಶ. ನೀರಾ ನದಿಯ ಕಾಲುವೆಗಳು ಹಾಯ್ದ ಕಡೆ ಕಬ್ಬಿನ ಹಸಿರು ಕಣ್ಣಿಗೆ ಬಿದ್ದರೆ, ಕಾಲುವೆಯ ನೀರು ತಲುಪದ ಕಡೆ ಗರಸು ನೆಲ, ಕುರುಚಲು ಗಿಡ ಮತ್ತು ಒಣಹುಲ್ಲು ಹರಡಿಕೊಂಡಿವೆ. ಈ ಎರಡನೆಯ ಬಗೆಯ ನೆಲದಲ್ಲಿ, ಸುಪೆ ಗ್ರಾಮದ ಬಳಿ, ಮಯೂರೇಶ್ವರ ವನ್ಯಜೀವಿ ಧಾಮವಿದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮೋರಗಾಂವಿನ ಮಯೂರೇಶ್ವರನ ಹೆಸರನ್ನು ಹೊತ್ತ ಈ ಧಾಮವನ್ನು 1997ರಲ್ಲಿ ಘೋಷಿಸಲಾಯಿತು. ಇದರ ವಿಸ್ತೀರ್ಣ ಐದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಇಲ್ಲಿನ ಮುಖ್ಯ ನಿವಾಸಿ ಚಿಂಕಾರ ಎಂಬ ಸಣ್ಣ ಹುಲ್ಲೆ.

ಚಿಂಕಾರದ ಭುಜದ ಎತ್ತರ ಸುಮಾರು 65 ಸೆಂಟಿಮೀಟರ್. ಮರಗಳು ವಿರಳವಾದ ಬಯಲಿನಲ್ಲಿ ಅದು ಮನುಷ್ಯನನ್ನು ಬಹು ದೂರದಿಂದಲೇ ಕಂಡುಕೊಳ್ಳುತ್ತದೆ. ಹತ್ತಿರ ಹೋದಷ್ಟೂ ಅದು ದೂರ ಸರಿಯುತ್ತದೆ. ಆದುದರಿಂದ ಇದರ ಚಿತ್ರ ತೆಗೆಯಬಯಸುವವರು ಟೆಲಿಫೋಟೊ ಲೆನ್ಸನ್ನು, ಅಂದರೆ ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುವ ಮಸೂರವನ್ನು ಅವಲಂಬಿಸುವುದು ಅನಿವಾರ್ಯ. ಆದರೆ ಇಂತಹ ಲೆನ್ಸು ಚಿಂಕಾರವನ್ನು ದೊಡ್ಡದು ಮಾಡುವಂತೆಯೇ ಛಾಯಾಗ್ರಾಹಕನ ಕೈನಡುಕವನ್ನೂ ದೊಡ್ಡದು ಮಾಡುತ್ತದೆ. ಎಷ್ಟೇ ಬೆಲೆಬಾಳುವ ಲೆನ್ಸಿದ್ದರೂ ಚಿತ್ರವು ಮಸುಕಾಗುವುದಕ್ಕೆ ಬಹುಪಾಲು ಇದೇ ಕಾರಣ. ಈ ದೋಷವು ಹೇಗೆ ಉಂಟಾಗುತ್ತದೆ, ಟ್ರೈಪಾಡ್ ಎಂದು ಬಳಕೆಯಲ್ಲಿರುವ ಮುಕ್ಕಾಲಿಯು ಅದನ್ನು ಎಷ್ಟರಮಟ್ಟಿಗೆ ನಿವಾರಿಸಬಲ್ಲದು, ಎಲ್ಲಿ ನಿವಾರಿಸಲಾರದು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ನಡುಕವು ಹಿಗ್ಗುವ ಬಗೆ

ಲೆನ್ಸಿನ ಶಕ್ತಿಯನ್ನು ಅದರ ನಾಭಿದೂರದಿಂದ ಅಳೆಯುತ್ತಾರೆ. ಫೋಕಲ್ ಲೆಂಗ್ತ್ ಎಂದು ಛಾಯಾಗ್ರಾಹಕರು ಕರೆಯುವುದು ಇದನ್ನೇ. 35 ಮಿಲಿಮೀಟರ್ ಫಿಲಂ ಕ್ಯಾಮೆರಾಕ್ಕೆ, ಅಥವಾ ಅಷ್ಟೇ ಅಳತೆಯ ಸಂವೇದಕವುಳ್ಳ ಡಿಜಿಟಲ್ ಕ್ಯಾಮೆರಾಕ್ಕೆ, 50 ಮಿಲಿಮೀಟರ್ ನಾಭಿದೂರದ ಲೆನ್ಸನ್ನು ಸಾಮಾನ್ಯ ಲೆನ್ಸ್ ಎಂದು ಪರಿಗಣಿಸುವುದು ರೂಢಿ. 100 ಮೀಟರ್ ದೂರದಲ್ಲಿ ನಿಂತ ಚಿಂಕಾರದ ಬಿಂಬವು ಈ ಲೆನ್ಸಿನಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ ಎತ್ತರವಿರುತ್ತದೆ. 500 ಮಿಲಿಮೀಟರ್ ಲೆನ್ಸಿನಲ್ಲಿ ಅದೇ ಬಿಂಬವು ಹತ್ತು ಪಟ್ಟು ಹಿಗ್ಗಿ ಸುಮಾರು 3.25 ಮಿಲಿಮೀಟರ್ ಆಗುತ್ತದೆ.

ಈಗ ನಡುಕದ ಲೆಕ್ಕವನ್ನು ನೋಡಬಹುದು. ಷಟರ್ ತೆರೆದಿರುವ ಅಲ್ಪಾವಧಿಯಲ್ಲಿ ಕ್ಯಾಮೆರಾವು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ವಾಲಿತು ಎಂದಿಟ್ಟುಕೊಂಡರೆ, 50 ಮಿಲಿಮೀಟರ್ ಲೆನ್ಸಿನಲ್ಲಿ ಬಿಂಬವು ಸುಮಾರು 0.015 ಮಿಲಿಮೀಟರ್ ಜರುಗುತ್ತದೆ. ಈ ಅಳತೆಯ ಚಿತ್ರದಲ್ಲಿ 0.03 ಮಿಲಿಮೀಟರಿಗಿಂತ ಕಡಿಮೆಯಾದ ಮಸುಕನ್ನು ಸಾಮಾನ್ಯ ನೋಟಕ್ಕೆ ಸಹ್ಯವೆಂದು ಪರಿಗಣಿಸುತ್ತಾರೆ. ಆದುದರಿಂದ ಈ ಜರುಗುವಿಕೆ ಕಣ್ಣಿಗೆ ಬೀಳುವುದಿಲ್ಲ. 500 ಮಿಲಿಮೀಟರ್ ಲೆನ್ಸಿನಲ್ಲಾದರೋ ಅದೇ ಕೈ, ಅದೇ ವಾಲುವಿಕೆ, ಆದರೆ ಬಿಂಬದ ಜರುಗುವಿಕೆ ಸುಮಾರು 0.145 ಮಿಲಿಮೀಟರ್. ಇದು ಸಹ್ಯ ಮಿತಿಯ ಸುಮಾರು ಐದರಷ್ಟು. ಚಿಂಕಾರದ ಕಣ್ಣು, ಕೊಂಬಿನ ಉಂಗುರಗಳು, ಮುಖದ ಪಟ್ಟೆಗಳು ಒಂದರೊಳಗೊಂದು ಕಲೆತುಹೋಗುವುದು ಇದರಿಂದಲೇ. ಲೆನ್ಸು ಬದಲಾಯಿತೆಂದು ಕೈ ಹೆಚ್ಚು ನಡುಗಲಿಲ್ಲ. ಮೊದಲಿನಷ್ಟೇ ನಡುಕವನ್ನು ಹೊಸ ಲೆನ್ಸು ಹತ್ತು ಪಟ್ಟು ದೊಡ್ಡದಾಗಿ ಬರೆಯಿತು.

ಹಳೆಯ ಸೂತ್ರ ಮತ್ತು ಅದರ ಬೆಲೆ

ಕೈಯಲ್ಲೇ ಹಿಡಿದು ಚಿತ್ರ ತೆಗೆಯುವವರಿಗೆ ಹಿಂದಿನಿಂದ ಒಂದು ಸರಳ ಸೂತ್ರವಿದೆ. ಲೆನ್ಸಿನ ನಾಭಿದೂರ ಎಷ್ಟು ಮಿಲಿಮೀಟರೋ, ಷಟರಿನ ವೇಗವು ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ನಿಧಾನವಾಗಿರಬಾರದು. 50 ಮಿಲಿಮೀಟರ್ ಲೆನ್ಸಿಗೆ 1/50 ಸೆಕೆಂಡ್ ಸಾಕಾದರೆ, 500 ಮಿಲಿಮೀಟರ್ ಲೆನ್ಸಿಗೆ 1/500 ಸೆಕೆಂಡಾದರೂ ಬೇಕು. ಸಂವೇದಕವು ಚಿಕ್ಕದಾಗಿರುವ ಕ್ಯಾಮೆರಾಗಳಲ್ಲಿ ಈ ಲೆಕ್ಕವನ್ನು ಇನ್ನೂ ಬಿಗಿಗೊಳಿಸಬೇಕು. ಉದಾಹರಣೆಗೆ, ಒಂದೂವರೆ ಪಟ್ಟು ಚಿಕ್ಕದಾದ ಸಂವೇದಕದಲ್ಲಿ 300 ಮಿಲಿಮೀಟರ್ ಲೆನ್ಸನ್ನು 450 ಎಂದೇ ಎಣಿಸುವುದು ಸೂಕ್ತ. ಚಿತ್ರವನ್ನು ಬಹಳ ದೊಡ್ಡದಾಗಿ ಮುದ್ರಿಸುವುದಾದರೆ ಅಥವಾ ಅದರ ಒಂದು ಮೂಲೆಯನ್ನಷ್ಟೇ ಕತ್ತರಿಸಿ ಬಳಸುವುದಾದರೆ ಈ ಸೂತ್ರವೂ ಸಾಲದು.

ಇಷ್ಟು ವೇಗದ ಷಟರಿಗೆ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯೇ ಬೆಳಕು. ವನ್ಯಜೀವಿಗಳು ಚಟುವಟಿಕೆಯಿಂದಿರುವುದು ಬೆಳಗಿನ ಮತ್ತು ಸಂಜೆಯ ಎಳೆಬಿಸಿಲಿನಲ್ಲಿ. ಆಗ ಬೆಳಕು ಕಡಿಮೆ. 1/500 ಸೆಕೆಂಡಿನಲ್ಲಿ ಚಿತ್ರ ತೆಗೆಯಲು ಸಂವೇದನಾಶೀಲತೆಯನ್ನು, ಅಂದರೆ ಐಎಸ್‌ಒ ಸಂಖ್ಯೆಯನ್ನು, 1600ಕ್ಕೆ ಏರಿಸಬೇಕಾದ ಸನ್ನಿವೇಶವೊಂದನ್ನು ಊಹಿಸಿಕೊಳ್ಳಬಹುದು. ಕ್ಯಾಮೆರಾವು ಅಲುಗದಂತೆ ನಿಂತಿದ್ದರೆ ಅದೇ ನಿಶ್ಚಲ ಪ್ರಾಣಿಯನ್ನು 1/60 ಸೆಕೆಂಡಿನಲ್ಲಿ ತೆಗೆಯಬಹುದು. 500ರಿಂದ 250, 250ರಿಂದ 125, 125ರಿಂದ 60 ಎಂದು ಮೂರು ಮೆಟ್ಟಿಲು ಇಳಿದಂತಾಯಿತು. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿಯಾಗುವುದರಿಂದ ಒಟ್ಟು ಎಂಟು ಪಟ್ಟು ಬೆಳಕು ದೊರೆಯುತ್ತದೆ. ಐಎಸ್‌ಒ 200ಕ್ಕೆ ಇಳಿದು, ಚಿತ್ರದಲ್ಲಿನ ಕಾಳುಕಾಳಾದ ಒರಟುತನ ತಗ್ಗುತ್ತದೆ.

ಫಿಲಂ ಬಳಕೆಯಲ್ಲಿದ್ದ ಕಾಲದಲ್ಲಿ ಈ ಲಾಭವು ಇನ್ನೂ ದೊಡ್ಡದಾಗಿತ್ತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮತ್ತು ಇ. ಹನುಮಂತರಾವ್ ಮುಂತಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ದಶಕಗಳಲ್ಲಿ, ಉತ್ತಮ ವರ್ಣಚಿತ್ರ ನೀಡುತ್ತಿದ್ದ ಫಿಲಮುಗಳ ಸಂವೇದನಾಶೀಲತೆ 64 ಅಥವಾ 100ರ ಆಸುಪಾಸಿನಲ್ಲಿತ್ತು. ಸುರುಳಿಯ ನಡುವೆ ಅದನ್ನು ಮನಬಂದಂತೆ ಏರಿಸುವ ಅನುಕೂಲ ಅಂದು ಇರಲಿಲ್ಲ. ದೃಢವಾದ ಆಧಾರವು ಆ ಪೀಳಿಗೆಯ ಕೆಲಸದ ಮೊದಲ ಪಾಠವಾಗಿದ್ದುದು ಸಹಜವೇ.

ಟ್ರೈಪಾಡಿನ ಆಯ್ಕೆ

ಮೂರು ಕಾಲುಗಳ ಪೀಠವು ಎಂತಹ ಏರುಪೇರಿನ ನೆಲದಲ್ಲೂ ಕುಂಟದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮೇಜು ಕುಂಟಬಹುದು, ಮುಕ್ಕಾಲಿ ಕುಂಟುವುದಿಲ್ಲ; ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಆದರೆ ಕುಂಟದಿರುವುದು ಬೇರೆ, ಕಂಪಿಸದಿರುವುದು ಬೇರೆ. ತೆಳುವಾದ ಕಾಲುಗಳ ಅಗ್ಗದ ಟ್ರೈಪಾಡಿನ ಮೇಲೆ ಭಾರವಾದ ಲೆನ್ಸನ್ನಿಟ್ಟರೆ ಅದು ತಂಬೂರಿಯ ತಂತಿಯಂತೆ ಮಿಡಿಯುತ್ತದೆ. ಕೊಳ್ಳುವ ಮುನ್ನ ಕ್ಯಾಮೆರಾ ಮತ್ತು ಲೆನ್ಸಿನ ಒಟ್ಟು ತೂಕವನ್ನು ತಿಳಿದು, ಅದಕ್ಕಿಂತ ಸಾಕಷ್ಟು ಹೆಚ್ಚಿನ ತೂಕವನ್ನು ಹೊರಬಲ್ಲ ಟ್ರೈಪಾಡನ್ನು ಆರಿಸಬೇಕು. ಕಾಲುಗಳನ್ನು ಪೂರ್ಣ ಎಳೆದು ನಿಲ್ಲಿಸಿ, ಮೇಲ್ಭಾಗವನ್ನು ಬೆರಳಿನಿಂದ ತಟ್ಟಿದಾಗ ಕಂಪನವು ತಟ್ಟನೆ ಅಡಗಿದರೆ ಒಳ್ಳೆಯದು.

ಲೋಹದ ಟ್ರೈಪಾಡ್ ಭಾರ, ಬೆಲೆ ಕಡಿಮೆ. ಕಾರ್ಬನ್ ಫೈಬರಿನ ಟ್ರೈಪಾಡ್ ಹಗುರ, ಬೆಲೆ ಹೆಚ್ಚು. ಕಂಪನವನ್ನು ಬೇಗ ಅಡಗಿಸುವ ಗುಣವೂ ಅದಕ್ಕಿದೆ. ಕಾಲುಗಳಷ್ಟೇ ಮುಖ್ಯವಾದುದು ಮೇಲಿನ ತಿರುಗುವ ಭಾಗ, ಅಂದರೆ ಹೆಡ್. ಗುಂಡುಹೆಡ್ಡು ಯಾವ ಕಡೆಗಾದರೂ ತಿರುಗಿ ಒಂದೇ ತಿರುಪಿನಿಂದ ಬಿಗಿಯಾಗುತ್ತದೆ. ಆದರೆ ಉದ್ದನೆಯ ಲೆನ್ಸು ಅದರ ಮೇಲೆ ಹಠಾತ್ತನೆ ಮುಗ್ಗರಿಸುವ ಅಪಾಯವಿದೆ. ಓಡುವ, ಹಾರುವ ಜೀವಿಗಳನ್ನು ಹಿಂಬಾಲಿಸಲು ಗಿಂಬಲ್ ಎಂಬ ತೊಟ್ಟಿಲಿನಾಕಾರದ ಹೆಡ್ ಅನುಕೂಲ. ಅದರಲ್ಲಿ ಲೆನ್ಸು ತನ್ನ ತೂಕದಲ್ಲೇ ಸಮತೋಲನಗೊಂಡು, ಕೈಬಿಟ್ಟರೂ ಬಿಟ್ಟಲ್ಲೇ ನಿಲ್ಲುತ್ತದೆ.

ನಿಲ್ಲಿಸುವ ಕ್ರಮ

ಟ್ರೈಪಾಡ್ ಇದ್ದೂ ಚಿತ್ರ ಮಸುಕಾಗುವುದಕ್ಕೆ ಅದನ್ನು ನಿಲ್ಲಿಸುವ ರೀತಿಯೇ ಬಹುಮಟ್ಟಿಗೆ ಕಾರಣ. ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಹಿತಕರ.

ಮೊದಲು ನೆಲವನ್ನು ನೋಡಬೇಕು. ಗರಸು ನೆಲದ ಮೇಲಿನ ಸಡಿಲ ಕಲ್ಲುಗಳನ್ನು ಕಾಲಿನಿಂದ ಸರಿಸಿ ಗಟ್ಟಿ ಪದರವನ್ನು ಹುಡುಕಬೇಕು. ಎರೆಮಣ್ಣಿನಲ್ಲಿ ಟ್ರೈಪಾಡಿನ ಕಾಲನ್ನು ಒತ್ತಿ ಊರಬೇಕು. ಹೀಗೆ ನೆಲವನ್ನು ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ: ಟಿಟ್ಟಿಭ, ನೆಲಗುಬ್ಬಿ ಮುಂತಾದ ಬಯಲಿನ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಮೊಟ್ಟೆಗಳು ಮಣ್ಣಿನ ಬಣ್ಣದವೇ ಆಗಿರುವುದರಿಂದ ತುಳಿದ ಮೇಲಷ್ಟೇ ತಿಳಿಯುವ ಸಂಭವವಿದೆ.

ಎರಡನೆಯದಾಗಿ, ಒಂದು ಕಾಲು ಲೆನ್ಸು ನೋಡುವ ದಿಕ್ಕಿಗೆ, ಲೆನ್ಸಿನ ನೇರ ಕೆಳಗೆ ಬರುವಂತೆ ಇರಿಸಬೇಕು. ಮುಂದಕ್ಕೆ ಚಾಚಿದ ಲೆನ್ಸಿನ ಭಾರವನ್ನು ಆ ಕಾಲು ಹೊರುತ್ತದೆ. ಉಳಿದೆರಡು ಕಾಲುಗಳ ನಡುವೆ ಛಾಯಾಗ್ರಾಹಕ ಎಡವದೆ ನಿಲ್ಲಬಹುದು. ಇಳಿಜಾರಿನಲ್ಲಾದರೆ ಎರಡು ಕಾಲುಗಳು ಇಳಿಜಾರಿನ ಕಡೆಗಿರಬೇಕು.

ಮೂರನೆಯದಾಗಿ, ದಪ್ಪನೆಯ ಭಾಗಗಳನ್ನು ಮೊದಲು ಎಳೆದು, ತೆಳ್ಳನೆಯ ಕೊನೆಯ ಭಾಗವನ್ನು ಅಗತ್ಯಬಿದ್ದರೆ ಮಾತ್ರ ಎಳೆಯಬೇಕು. ನಡುವಿನ ಕಂಬವನ್ನು ಆದಷ್ಟೂ ಏರಿಸಬಾರದು. ಅದನ್ನು ಏರಿಸಿದೊಡನೆ ಮೂರು ಕಾಲಿನ ದೃಢವಾದ ಪೀಠದ ಮೇಲೆ ಒಂಟಿ ಕಾಲಿನ ಅದೃಢ ಪೀಠವೊಂದನ್ನು ಕೂರಿಸಿದಂತಾಗುತ್ತದೆ.

ನಾಲ್ಕನೆಯದಾಗಿ, ಉದ್ದನೆಯ ಲೆನ್ಸುಗಳಿಗೆ ಕೊರಳಪಟ್ಟಿಯೊಂದು ಇರುತ್ತದೆ. ಟ್ರೈಪಾಡಿಗೆ ಬಿಗಿಯಬೇಕಾದುದು ಆ ಪಟ್ಟಿಯನ್ನೇ ಹೊರತು ಕ್ಯಾಮೆರಾದ ತಳವನ್ನಲ್ಲ. ಕ್ಯಾಮೆರಾದ ತಳವನ್ನು ಬಿಗಿದರೆ ಇಡೀ ಲೆನ್ಸು ಒಂದು ತುದಿಯಿಂದ ಜೋತುಬಿದ್ದು, ಸಣ್ಣ ಗಾಳಿಗೂ ತೊನೆಯುತ್ತದೆ.

ಐದನೆಯದಾಗಿ, ಗಾಳಿಯ ವಿಚಾರ. ಬಾರಾಮತಿಯ ಬಯಲಿನಂತಹ ತೆರೆದ ಪ್ರದೇಶದಲ್ಲಿ ಗಾಳಿಗೆ ತಡೆಯಿಲ್ಲ. ಅಂತಹ ಕಡೆ ಟ್ರೈಪಾಡನ್ನು ತಗ್ಗಿಸಿ, ಕುಳಿತು ಚಿತ್ರ ತೆಗೆಯುವುದು ಲೇಸು. ಕ್ಯಾಮೆರಾದ ಪಟ್ಟಿಯು ಗಾಳಿಗೆ ಬಡಿಯದಂತೆ ಸುತ್ತಿಡಬೇಕು. ನಡುವಿನ ಕೊಕ್ಕೆಗೆ ಚೀಲವನ್ನು ತೂಗುಹಾಕುವುದಾದರೆ ಅದು ನೆಲಕ್ಕೆ ತುಸು ತಾಗಿರಬೇಕು. ಇಲ್ಲವಾದರೆ ಚೀಲವೇ ಲೋಲಕದಂತೆ ತೂಗಾಡಿ ಹೊಸ ಕಂಪನಕ್ಕೆ ಕಾರಣವಾಗುತ್ತದೆ.

ಗುಂಡಿ ಒತ್ತುವ ಕ್ಷಣ

ಎಲ್ಲ ಸಿದ್ಧತೆಯ ನಂತರವೂ ಒಂದು ಕಂಪನ ಉಳಿಯುತ್ತದೆ. ಅದು ಷಟರಿನ ಗುಂಡಿಯನ್ನು ಒತ್ತುವ ಬೆರಳಿನದು. ಪ್ರಾಣಿ ನಿಶ್ಚಲವಾಗಿದ್ದು ಷಟರಿನ ವೇಗ ನಿಧಾನವಾಗಿದ್ದರೆ ತಂತಿಯ ಅಥವಾ ನಿಸ್ತಂತು ರಿಮೋಟನ್ನು ಬಳಸಬೇಕು. ಅದಿಲ್ಲದಿದ್ದಲ್ಲಿ ಕ್ಯಾಮೆರಾದಲ್ಲೇ ಇರುವ ಸೆಲ್ಫ್ ಟೈಮರನ್ನು 2 ಸೆಕೆಂಡಿಗೆ ಹೊಂದಿಸಿದರೆ ಬೆರಳಿನಿಂದಾದ ಕಂಪನ ಅಡಗಿದ ಮೇಲೆ ಷಟರ್ ತೆರೆಯುತ್ತದೆ.

ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಷಟರ್ ತೆರೆಯುವ ಮುನ್ನ ಒಳಗಿನ ಕನ್ನಡಿ ಮೇಲಕ್ಕೆ ಬಡಿಯುತ್ತದೆ. ಈ ಬಡಿತದ ಪರಿಣಾಮವು ಸೆಕೆಂಡಿನ ಕಾಲು ಭಾಗದಿಂದ 1/30ರವರೆಗಿನ ವೇಗಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಅದಕ್ಕಿಂತ ವೇಗವಾದ ಷಟರಿಗೆ ಕಂಪನ ಬೆಳೆಯುವಷ್ಟು ಸಮಯವಿರುವುದಿಲ್ಲ. ಹಲವು ಸೆಕೆಂಡುಗಳ ದೀರ್ಘ ಅವಧಿಯಲ್ಲಿ ಕಂಪನದ ಪಾಲು ಅತ್ಯಲ್ಪ. ಕನ್ನಡಿಯನ್ನು ಮೊದಲೇ ಎತ್ತಿಡುವ ಸೌಲಭ್ಯವಿದ್ದರೆ ಅದನ್ನು ಬಳಸಬೇಕು. ಈಚಿನ ಕನ್ನಡಿರಹಿತ ಕ್ಯಾಮೆರಾಗಳಲ್ಲಿ ಈ ತೊಂದರೆಯಿಲ್ಲ.

ಪ್ರಾಣಿಯು ಚಲಿಸುತ್ತಿದ್ದು ಲೆನ್ಸನ್ನು ತಿರುಗಿಸುತ್ತಲೇ ಚಿತ್ರ ತೆಗೆಯಬೇಕಾದಾಗ ಮೇಲಿನ ಉಪಾಯಗಳು ಸಲ್ಲುವುದಿಲ್ಲ. ಆಗ ಎಡಗೈಯನ್ನು ಲೆನ್ಸಿನ ಮೇಲೆ, ಕೊರಳಪಟ್ಟಿಯ ನೇರಕ್ಕೆ, ಹಗುರವಾಗಿ ಊರಬೇಕು. ಹುಬ್ಬು ಕ್ಯಾಮೆರಾದ ಕಣ್ಣುಗೂಡಿಗೆ ಮೆಲ್ಲಗೆ ತಾಗಿರಬೇಕು. ಉಸಿರನ್ನು ಅರ್ಧ ಬಿಟ್ಟು, ಬೆರಳನ್ನು ಕುಟ್ಟದೆ ಹೊರಳಿಸಿದಂತೆ ಗುಂಡಿಯನ್ನು ಒತ್ತಬೇಕು. ಕೈ ಮತ್ತು ಮುಖದ ಒತ್ತಡವೇ ಇಲ್ಲಿ ಕಂಪನವನ್ನು ಹೀರಿಕೊಳ್ಳುತ್ತದೆ.

ಕಂಪನ ನಿಯಂತ್ರಕವುಳ್ಳ ಲೆನ್ಸುಗಳ ಬಗ್ಗೆ ಎರಡು ಮಾತು ಅಗತ್ಯ. ಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸುಗಳಲ್ಲಿ ಈ ವ್ಯವಸ್ಥೆ 1995ರಲ್ಲಿ ಬಳಕೆಗೆ ಬಂದಿತು. ಒಳಗಿನ ಗಾಜೊಂದು ನಡುಕಕ್ಕೆ ಪ್ರತಿಯಾಗಿ ಜರುಗಿ ಬಿಂಬವನ್ನು ನಿಲ್ಲಿಸುತ್ತದೆ. ಕೈಯಲ್ಲಿ ಹಿಡಿದಾಗ ಇದು ಬಹಳ ಉಪಯುಕ್ತ. ಆದರೆ ದೃಢವಾದ ಟ್ರೈಪಾಡಿನ ಮೇಲೆ, ವಿಶೇಷವಾಗಿ ಹಳೆಯ ಲೆನ್ಸುಗಳಲ್ಲಿ, ಇಲ್ಲದ ನಡುಕವನ್ನು ಹುಡುಕುತ್ತ ಈ ಗಾಜೇ ಬಿಂಬವನ್ನು ಅಲುಗಿಸುವುದುಂಟು. ಹೊಸ ಲೆನ್ಸುಗಳಲ್ಲಿ ಹಲವು ಟ್ರೈಪಾಡನ್ನು ತಾವೇ ಗುರುತಿಸುತ್ತವೆ. ತಯಾರಕರ ಕೈಪಿಡಿಯಲ್ಲಿನ ಸೂಚನೆಯನ್ನು ಓದಿ ಅದರಂತೆ ನಡೆಯುವುದು ಕ್ಷೇಮ.

ಟ್ರೈಪಾಡ್ ಸಲ್ಲದ ಸ್ಥಳಗಳು

ಬಾರಾಮತಿಗೆ ಸಮೀಪದ ಭಿಗವಣದಲ್ಲಿ ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರು ಹರಡಿದೆ. ಮುಂದೆ ವಿಜಯಪುರ, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳನ್ನು ಮುಟ್ಟಿ ಕೃಷ್ಣೆಯನ್ನು ಸೇರುವ ಭೀಮೆಯೇ ಇದು. ಅಣೆಕಟ್ಟು 1980ರಲ್ಲಿ ಪೂರ್ಣಗೊಂಡ ಬಳಿಕ ರೂಪುಗೊಂಡ ಈ ಆಳವಿಲ್ಲದ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳೂ ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ಪಕ್ಷಿವೀಕ್ಷಕರು ಇಲ್ಲಿ ದೋಣಿಯಲ್ಲಿ ಸಾಗುತ್ತಾರೆ. ಕರ್ನಾಟಕದಲ್ಲಿ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲೂ ದೋಣಿಯೇ ವಾಹನ.

ದೋಣಿಯಲ್ಲಿ ಟ್ರೈಪಾಡ್ ಉಪಕಾರಕ್ಕಿಂತ ಅಪಕಾರ ಮಾಡುತ್ತದೆ. ನೀರಿನ ಪ್ರತಿಯೊಂದು ಅಲೆಯ ಹೊಯ್ದಾಟವನ್ನೂ ದೋಣಿಯ ಹಲಗೆಯಿಂದ ನೇರವಾಗಿ ಕ್ಯಾಮೆರಾಕ್ಕೆ ಒಯ್ಯುವುದು ಅದರ ಮೂರು ಕಾಲುಗಳೇ. ಮನುಷ್ಯನ ಮೈ ಮಾತ್ರ ಸೊಂಟ, ಭುಜ, ಮೊಣಕೈಗಳಲ್ಲಿ ಬಾಗಿ ಆ ಹೊಯ್ದಾಟವನ್ನು ಬಹುಪಾಲು ನುಂಗಿಕೊಳ್ಳುತ್ತದೆ. ಆದುದರಿಂದ ದೋಣಿಯಲ್ಲಿ ಕುಳಿತು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಂಪನ ನಿಯಂತ್ರಕವನ್ನು ಚಾಲೂ ಮಾಡಿ, ವೇಗದ ಷಟರಿನಲ್ಲಿ ಚಿತ್ರ ತೆಗೆಯಬೇಕು. ಹುಟ್ಟು ಹಾಕುವುದನ್ನು ನಿಲ್ಲಿಸಿ ದೋಣಿಯು ತಾನಾಗಿ ತೇಲುವ ಗಳಿಗೆಯನ್ನು ಕಾಯಬೇಕು.

ವಾಹನದಲ್ಲಿ ಕುಳಿತು ಚಿತ್ರ ತೆಗೆಯುವಾಗ ಟ್ರೈಪಾಡಿಗೆ ಸ್ಥಳವಿರುವುದಿಲ್ಲ. ಅಲ್ಲಿ ಕಾಳಿನ ಚೀಲವೇ ಉತ್ತಮ ಆಧಾರ. ಗಟ್ಟಿ ಬಟ್ಟೆಯ ಚೀಲವೊಂದಕ್ಕೆ ಜೋಳ ಅಥವಾ ಹೆಸರುಕಾಳನ್ನು ಮುಕ್ಕಾಲು ಭಾಗ ತುಂಬಿ, ಬಾಯಿ ಹೊಲಿದು, ಕಿಟಕಿಯ ಅಂಚಿನ ಮೇಲಿಟ್ಟು ಲೆನ್ಸನ್ನು ಅದರಲ್ಲಿ ಹುದುಗಿಸಬೇಕು. ವಾಹನದ ಎಂಜಿನನ್ನು ಕಡ್ಡಾಯವಾಗಿ ನಿಲ್ಲಿಸಬೇಕು. ಒಳಗಿರುವ ಇತರರೂ ಅಲುಗಾಡಬಾರದು.

ನಡೆದು ಸಾಗುವವರಿಗೆ ಒಂಟಿಕಾಲಿನ ಮಾನೋಪಾಡ್ ಇದೆ. ಕೋಲು, ಛಾಯಾಗ್ರಾಹಕನ ಎರಡು ಕಾಲು ಸೇರಿ ಅಲ್ಲೊಂದು ಮುಕ್ಕಾಲಿ ಏರ್ಪಡುತ್ತದೆ. ಬಯಲಿನಲ್ಲಿ ಕುರಿ ಕಾಯುವವರು ಕೋಲನ್ನು ಊರಿ ಗಂಟೆಗಟ್ಟಲೆ ನಿಲ್ಲುವ ಭಂಗಿಯನ್ನು ನೋಡಿದವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಹಣವಿಲ್ಲದವರಿಗೂ ಒಂದು ದಾರಿಯಿದೆ. ಕ್ಯಾಮೆರಾದ ತಳದಲ್ಲಿರುವ ಕಾಲು ಅಂಗುಲದ ತಿರುಪುಕಿಂಡಿಗೆ ಸರಿಹೊಂದುವ ಬೋಲ್ಟನ್ನು ಹಾಕಿ, ಅದಕ್ಕೆ ಹಿಗ್ಗದ ದಾರವೊಂದನ್ನು ಕಟ್ಟಿ, ದಾರದ ಕೊನೆಯನ್ನು ಪಾದದಡಿ ತುಳಿದು, ಕ್ಯಾಮೆರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದರೆ ಮೇಲೆ-ಕೆಳಗಿನ ನಡುಕ ಗಮನಾರ್ಹವಾಗಿ ತಗ್ಗುತ್ತದೆ.

ಮಸುಕಿನ ಮೂಲವನ್ನು ಗುರುತಿಸುವುದು

ಎಲ್ಲ ಮಸುಕೂ ಕೈನಡುಕದಿಂದ ಆದುದಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಮೂಲವು ತಿಳಿಯುತ್ತದೆ.

ಚಿತ್ರದಲ್ಲಿರುವ ಕಲ್ಲು, ಹುಲ್ಲು, ಪ್ರಾಣಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ ಎಂದರ್ಥ. ಟ್ರೈಪಾಡ್ ಇದಕ್ಕೆ ಪರಿಹಾರ.

ಕಲ್ಲು, ಹುಲ್ಲು ಸ್ಪಷ್ಟವಾಗಿದ್ದು ಪ್ರಾಣಿ ಮಾತ್ರ ಎಳೆದಂತಿದ್ದರೆ ಅಲುಗಿದ್ದು ಪ್ರಾಣಿ. 100 ಮೀಟರ್ ದೂರದಲ್ಲಿ, ಸೆಕೆಂಡಿಗೆ ಒಂದು ಮೀಟರಿನಂತೆ ಅಡ್ಡಲಾಗಿ ನಡೆಯುವ ಚಿಂಕಾರದ ಬಿಂಬವು 500 ಮಿಲಿಮೀಟರ್ ಲೆನ್ಸಿನಲ್ಲಿ, 1/60 ಸೆಕೆಂಡಿನೊಳಗೆ 0.08 ಮಿಲಿಮೀಟರಿಗೂ ಹೆಚ್ಚು ಜರುಗುತ್ತದೆ. ಇದು ಸಹ್ಯ ಮಿತಿಯನ್ನು ಮೀರಿದ್ದು. ಎಂತಹ ಟ್ರೈಪಾಡೂ ಇದನ್ನು ತಡೆಯಲಾರದು. 1/500 ಸೆಕೆಂಡಿನಲ್ಲಿ ಜರುಗುವಿಕೆ 0.01 ಮಿಲಿಮೀಟರಿಗೆ ಇಳಿಯುತ್ತದೆ. ವೇಗದ ಷಟರೇ ಇಲ್ಲಿನ ಮದ್ದು.

ಪ್ರಾಣಿಯ ಮುಂದಿನ ಅಥವಾ ಹಿಂದಿನ ಹುಲ್ಲು ಸ್ಪಷ್ಟವಾಗಿದ್ದು ಪ್ರಾಣಿ ಮಂಜಾಗಿದ್ದರೆ ದೋಷವು ಫೋಕಸ್ಸಿನದು.

ಎಲ್ಲವೂ ನೀರಿನೊಳಗಿಂದ ನೋಡಿದಂತೆ ಅಂಕುಡೊಂಕಾಗಿದ್ದರೆ ಅದು ಬಿಸಿಗಾಳಿಯ ಕೆಲಸ. ಹೊತ್ತೇರಿದಂತೆ ನೆಲ ಕಾದು, ಅದರ ಮೇಲಿನ ಗಾಳಿ ಪದರಪದರವಾಗಿ ಏಳುತ್ತ ಬೆಳಕನ್ನು ಬಾಗಿಸುತ್ತದೆ. ಇದಕ್ಕೆ ಟ್ರೈಪಾಡೂ ಇಲ್ಲ, ವೇಗದ ಷಟರೂ ಇಲ್ಲ. ಬೆಳಗಿನ ತಂಪು ಹೊತ್ತಿನಲ್ಲಿ ಬರುವುದೊಂದೇ ಉಪಾಯ.

ಸ್ಥಿರತೆಯಿಂದ ಜೀವಿಗಳಿಗಾಗುವ ಹಿತ

ಮಸುಕಾದ ಚಿತ್ರವನ್ನು ಕಂಡ ಛಾಯಾಗ್ರಾಹಕನಿಗೆ ಮೊದಲು ಹೊಳೆಯುವ ಉಪಾಯವೆಂದರೆ ಇನ್ನಷ್ಟು ಹತ್ತಿರ ಹೋಗುವುದು. ಅಪಾಯವಿರುವುದು ಅಲ್ಲಿಯೇ. ಐದು ಚದರ ಕಿಲೋಮೀಟರಿನ ಧಾಮದಲ್ಲಿ ಬೆನ್ನಟ್ಟಿಸಿಕೊಂಡ ಚಿಂಕಾರಕ್ಕೆ ಓಡಿಹೋಗಲು ಹೆಚ್ಚು ಸ್ಥಳವಿಲ್ಲ. ಅದು ಧಾಮದ ಎಲ್ಲೆ ದಾಟಿದರೆ ಎದುರಾಗುವುದು ಹೊಲ, ರಸ್ತೆ ಮತ್ತು ನಾಯಿಗಳು. ಹಿನ್ನೀರಿನಲ್ಲಿ ಮೇಯುತ್ತಿರುವ ರಾಜಹಂಸಗಳ ಹಿಂಡಿನತ್ತ ದೋಣಿ ನುಗ್ಗಿಸಿದರೆ ಅವು ಮೇವನ್ನು ಬಿಟ್ಟು ಹಾರುತ್ತವೆ. ಪ್ರತಿಯೊಂದು ಹಾರಾಟವೂ ಅವು ಕೂಡಿಟ್ಟ ಶಕ್ತಿಯ ಖರ್ಚು. ಚಿಂಕಾರವು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಒಂದನೆಯ ಅನುಸೂಚಿಯಲ್ಲಿ ರಕ್ಷಣೆ ಪಡೆದ ಪ್ರಾಣಿ. ಧಾಮದೊಳಗೆ ಛಾಯಾಗ್ರಹಣಕ್ಕೆ ಪ್ರವೇಶಿಸುವುದೂ ಇದೇ ಅಧಿನಿಯಮದಡಿ ಅನುಮತಿಗೆ ಒಳಪಟ್ಟಿದೆ.

ಇನ್ನೊಂದೆಡೆ, ದೂರದಿಂದ ತೆಗೆದ ಸ್ಪಷ್ಟ ಚಿತ್ರವು ವಿಜ್ಞಾನಕ್ಕೂ ನೆರವಾಗುತ್ತದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಈ ಹೆಬ್ಬಾತುಗಳ ಹೆಸರಾಂತ ಚಳಿಗಾಲದ ತಾಣ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಪಟ್ಟಿಯ ಮೇಲಿನ ಅಕ್ಷರವನ್ನು ಓದಲು ಸಾಧ್ಯವಾದರೆ ಹಕ್ಕಿ ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ. ಅಕ್ಷರದ ಎತ್ತರ 2 ಸೆಂಟಿಮೀಟರ್, ಹಕ್ಕಿಯ ದೂರ 100 ಮೀಟರ್ ಎಂದು ಭಾವಿಸಿದರೆ, 500 ಮಿಲಿಮೀಟರ್ ಲೆನ್ಸಿನಲ್ಲಿ ಆ ಅಕ್ಷರದ ಬಿಂಬ 0.1 ಮಿಲಿಮೀಟರ್ ಮಾತ್ರ. ಮೇಲೆ ಲೆಕ್ಕ ಹಾಕಿದ ಕೈನಡುಕದ ಜರುಗುವಿಕೆ 0.145 ಮಿಲಿಮೀಟರ್. ಅಂದರೆ ಅಕ್ಷರಕ್ಕಿಂತ ನಡುಕವೇ ದೊಡ್ಡದು. ಕೈ ನಡುಗಿದರೆ ಸಿಗುವುದು ಒಂದು ಹೆಬ್ಬಾತಿನ ಚಿತ್ರ. ಕ್ಯಾಮೆರಾ ನಿಶ್ಚಲವಾಗಿದ್ದರೆ ಸಿಗುವುದು ಆ ಹೆಬ್ಬಾತಿನ ಪಯಣದ ದಾಖಲೆ.

ಅಲುಗದ ಕ್ಯಾಮೆರಾದ ದಾಖಲೆಗೆ ಎಷ್ಟು ತೂಕವಿದೆ ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಕಾಡಿನಲ್ಲಿ, ಮರಕ್ಕೆ ಬಿಗಿದ ಸ್ವಯಂಚಾಲಿತ ಕ್ಯಾಮೆರಾಗಳು ಚಿಂಕಾರದ ಇರುವನ್ನು ದಾಖಲಿಸಿದವು. 2019ರಲ್ಲಿ ಆ ಕಾಡು ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿತವಾಯಿತು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂತಹುದೇ ಧಾಮ 2016ರಿಂದ ಇದೆ.

ಅಭ್ಯಾಸ

ಕಾಡಿಗೆ ಹೊರಡುವ ಮುನ್ನ ಮನೆಯಲ್ಲೇ ಈ ಪರೀಕ್ಷೆಯನ್ನು ಮಾಡಬಹುದು. ದಿನಪತ್ರಿಕೆಯ ಪುಟವೊಂದನ್ನು ಗೋಡೆಗೆ ಅಂಟಿಸಿ, ಅಕ್ಷರಗಳು ಫೋಕಸ್ಸಿಗೆ ಬರುವಷ್ಟು ದೂರದಲ್ಲಿ ನಿಲ್ಲಬೇಕು. ಇರುವ ಅತಿ ಉದ್ದದ ಲೆನ್ಸಿನಿಂದ 1/500, 1/250, 1/125, 1/60 ಮತ್ತು 1/30 ಸೆಕೆಂಡಿನಲ್ಲಿ ತಲಾ ಹತ್ತು ಚಿತ್ರಗಳನ್ನು ಕೈಯಲ್ಲಿ ಹಿಡಿದು ತೆಗೆಯಬೇಕು. ಅನಂತರ ಅದೇ ಸ್ಥಳದಿಂದ ಟ್ರೈಪಾಡಿನ ಮೇಲೆ ಅಷ್ಟೇ ಚಿತ್ರಗಳನ್ನು ತೆಗೆಯಬೇಕು. ಪ್ರತಿ ಹತ್ತರಲ್ಲಿ ಎಷ್ಟು ಚಿತ್ರಗಳಲ್ಲಿ ಸಣ್ಣಕ್ಷರಗಳನ್ನು ಓದಬಹುದು ಎಂಬುದನ್ನು ಎರಡು ಸಾಲಾಗಿ ಬರೆದಿಡಬೇಕು. ಕೈಯ ಸಾಲಿನಲ್ಲಿ ಸಂಖ್ಯೆ ಕುಸಿಯುವ ವೇಗವೇ ಆ ವ್ಯಕ್ತಿಯ ಮಿತಿ. ಅದು ಒಬ್ಬರಿಂದೊಬ್ಬರಿಗೆ, ದಣಿವಿಗೂ ವಯಸ್ಸಿಗೂ ತಕ್ಕಂತೆ ಬದಲಾಗುತ್ತದೆ. ಟ್ರೈಪಾಡಿನ ಸಾಲಿನಲ್ಲೂ ಸಂಖ್ಯೆ ಕುಸಿದರೆ ದೋಷವು ಟ್ರೈಪಾಡಿನಲ್ಲೋ ನಿಲ್ಲಿಸಿದ ಕ್ರಮದಲ್ಲೋ ಇದೆಯೆಂದು ತಿಳಿದು, ಒಂದೊಂದನ್ನೇ ಸರಿಪಡಿಸಿ ಮತ್ತೆ ಪರೀಕ್ಷಿಸಬೇಕು.

ಈ ಎರಡು ಸಾಲುಗಳನ್ನು ಬರೆದಿಟ್ಟುಕೊಂಡವರು ಬಯಲಿನಲ್ಲಿ ಊಹೆಯ ಮೇಲೆ ಕೆಲಸ ಮಾಡಬೇಕಾಗಿಲ್ಲ. ತಮ್ಮ ಕೈ ಎಲ್ಲಿಯವರೆಗೆ ನಂಬಿಕೆಗೆ ಅರ್ಹ, ಎಲ್ಲಿಂದ ಮುಕ್ಕಾಲಿಯ ನೆರವು ಬೇಕು ಎಂಬುದು ಅವರಿಗೆ ತಿಳಿದಿರುತ್ತದೆ. ಎದುರಿನ ಜೀವಿಯತ್ತ ಒಂದು ಹೆಜ್ಜೆ ಮುಂದಿಡುವ ಬದಲು, ನಿಂತಲ್ಲೇ ಟ್ರೈಪಾಡನ್ನು ಊರಿ ಕಾಯುವುದು ಅಂತಹವರಿಗೆ ಸಹಜವಾಗಿ ರೂಢಿಯಾಗುತ್ತದೆ.